ಮುದುಕ ಬೊಂಬೆ ಉಸಿರು ತಗೊಂಡಾಗ

ನಾನು ಪಿಯಾನೋ ಪಕ್ಕವಾದ್ಯದವಳು. ಹಾಡುವವರ ಜೊತೆ ಕೂತು ಶೂಬರ್ಟ್, ಶೂಮನ್, ಬ್ರಾಮ್ಸ್ ಅನ್ನೋ ಪಾಶ್ಚಾತ್ಯ ಸಂಗೀತಕಾರರ ಹಾಡುಗಳಿಗೆ ಬಾರಿಸುವುದು ಕಸುಬು. ಉಳಿದ ದಿನ ಬೊಂಬೆ ಆಡಿಸುತ್ತೇನೆ. ಎರಡಕ್ಕೂ ಏನು ಸಂಬಂಧ ಅಂತ ಕೇಳದವರಿಲ್ಲ. ಮೊದಮೊದಲು ಸುಮ್ನೆ ನಕ್ಕುಬಿಡುತ್ತಿದ್ದೆ. ನನಗೂ ಗೊತ್ತಿರಬೇಕಲ್ವಾ!

ಗೊತ್ತಾಗಿದ್ದು ಸೂತ್ರದ ಬೊಂಬೆ ಕಲಿಯುವಾಗ. ಮುದುಕನ ಬೊಂಬೆ ಕುರ್ಚಿಯಿಂದ ಏಳಬೇಕಿತ್ತು. ಎಷ್ಟು ಸಲ ಎಬ್ಬಿಸಿದರೂ ಬಾವಿಯಿಂದ ಕೊಡ ಎತ್ತಿದ ಹಾಗೇ ಕಾಣುತ್ತಿತ್ತು. ಕಲಿಸುತ್ತಿದ್ದವರು ಹೇಳಿದ್ದು ಇಷ್ಟೇ: ಏಳುವ ಮುಂಚೆ ಅವನು ಉಸಿರು ತಗೊಳ್ಳಲಿ. ಸೂತ್ರಗಳನ್ನು ಕಟ್ಟಿದ ಹಿಡಿಯನ್ನು ಒಂದು ಕೂದಲೆಳೆಯಷ್ಟು ಮೇಲೆತ್ತಿದೆ. ಭುಜ ಅಲುಗಿತು. ನಿಲ್ಲಿಸಿದೆ. ತಲೆ ಸ್ವಲ್ಪ ಮುಂದೆ ಬಾಗಿಸಿ, ಆಮೇಲೆ ಎಬ್ಬಿಸಿದೆ. ಮುದುಕ ಎದ್ದ. ಮಂಡಿ ನೋವು ಇದ್ದವನ ಹಾಗೇ ಎದ್ದ.

ಇದನ್ನೇ ಅಲ್ವಾ ನಾನು ವರ್ಷಗಟ್ಟಲೆ ಪಿಯಾನೋ ಮುಂದೆ ಮಾಡಿದ್ದು? ಹಾಡು ಕೇಳಿಸಿದ ಮೇಲೆ ಬಾರಿಸಿದರೆ ತಡವಾಗಿಬಿಡುತ್ತದೆ. ಹಾಡುವವರ ಬೆನ್ನು, ಪಕ್ಕೆ ನೋಡುತ್ತಿರಬೇಕು. ಉಸಿರು ಎಳೆದ ರೀತಿಯಲ್ಲೇ ಮುಂದಿನ ಸಾಲಿನ ವೇಗ ಗೊತ್ತಾಗುತ್ತದೆ. ಇನ್ನೊಂದು ಸೂಕ್ಷ್ಮ: ಪದದ ಮೊದಲ ವ್ಯಂಜನ ತಾಳಕ್ಕಿಂತ ಚೂರು ಮುಂಚೆ ಬರುತ್ತದೆ. ನನ್ನ ಬೆರಳು ಇಳಿಯಬೇಕಾದ್ದು ಸ್ವರಾಕ್ಷರದ ಮೇಲೆ.

ಕಷ್ಟವೆಲ್ಲ ಕೈಯದು. ಕೈಗವಸು ಬೊಂಬೆಯಲ್ಲಿ ತೋರುಬೆರಳು ಬೊಂಬೆಯ ತಲೆಗೆ, ಹೆಬ್ಬೆರಳು ಮತ್ತು ನಡುಬೆರಳು ಅದರ ಕೈಗಳಿಗೆ. ಆಟ ಮುಗಿಯುವ ತನಕ ನನ್ನ ತೋಳು ನನ್ನ ತಲೆಗಿಂತ ಮೇಲೆ. ಒಮ್ಮೆ ಹೀಗೆ ಎರಡು ಆಟ ಮುಗಿಸಿ, ಮಾರನೇ ದಿನ ಶೂಬರ್ಟ್‌ನ 'ಎರ್ಲ್‌ಕ್ಯೋನಿಗ್' ಬಾರಿಸಲು ಕೂತೆ. 1815ರ ಹಾಡು, ಇಡೀ ಹಾಡು ಕುದುರೆ ಓಟ. ಬಲಗೈಗೆ ಒಂದೇ ಸಮನೆ ಮೂರು ಮೂರರ ಗುಂಪಿನಲ್ಲಿ ಆಕ್ಟೇವ್, ಅಂದ್ರೆ ಒಂದೇ ಸ್ವರದ ಮೇಲಿನದನ್ನೂ ಕೆಳಗಿನದನ್ನೂ ಒಟ್ಟಿಗೆ ಒತ್ತೋದು. ಎರಡನೇ ಪುಟಕ್ಕೆ ಮಣಿಕಟ್ಟು ಮರಗಟ್ಟಿತು. ಆಕ್ಟೇವ್‌ನ ಒಂದು ಸ್ವರ ಬಿಟ್ಟು ಹೇಗೋ ದಾಟಿಸಿದೆ. ಹಾಡುವವರಿಗೆ ಗೊತ್ತಾಯಿತು, ಪಾಪ ಏನೂ ಅನ್ನಲಿಲ್ಲ. ಬಲಗೈ ಹಗುರ ಮಾಡಿದ ಇನ್ನೊಂದು ರೂಪವನ್ನು ಶೂಬರ್ಟ್ ತಾನೇ ಬರೆದಿದ್ದಾನೆ ಅನ್ನೋದೇ ಸಮಾಧಾನ. ಅಂದಿನಿಂದ ಕಛೇರಿಗೆ ಎರಡು ದಿನ ಮುಂಚೆ ಕೈಗವಸು ಬೊಂಬೆ ಮುಟ್ಟುವುದಿಲ್ಲ. ಆ ದಿನಗಳ ಆಟಕ್ಕೆ ಕರೆದರೆ ಒಲ್ಲೆ ಅನ್ನುತ್ತೇನೆ. ದುಡ್ಡು ಹೋಗುತ್ತದೆ, ಹೋಗಲಿ.

ಎರಡನ್ನೂ ಒಟ್ಟಿಗೆ ಮಾಡಿ ಅಂತ ಕೇಳುವವರಿದ್ದಾರೆ. ಇರೋದು ಎರಡೇ ಕೈ! ಕೊನೆಗೆ ಮುದುಕನನ್ನು ಗೆಳತಿಯ ಕೈಗೆ ಕೊಟ್ಟು ನಾನು ಪಿಯಾನೋಗೆ ಕೂತೆ. ಮೊದಲ ದಿನ ಅವಳ ಮುಖ ನೋಡಿ ಬಾರಿಸಿದೆ, ಹೊಂದಲೇ ಇಲ್ಲ. ಮುದುಕನ ಭುಜ ನೋಡಲು ಶುರು ಮಾಡಿದ ಮೇಲೆ ಸರಿಹೋಯಿತು.