ಮಗು ಕೈಮೀರಿದ ಹೊತ್ತಿನಲ್ಲಿ ಮನೆಯವರು ಏನು ಮಾಡಬೇಕು

ಆಟಿಸಂ ಅಥವಾ ಬೌದ್ಧಿಕ ಅಸಾಮರ್ಥ್ಯ ಇರುವ ಮಗು ಇದ್ದಕ್ಕಿದ್ದಂತೆ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳಬಹುದು, ತನ್ನ ಕೈಯನ್ನೇ ಕಚ್ಚಿಕೊಳ್ಳಬಹುದು, ಸಿಕ್ಕಿದ್ದನ್ನೆಲ್ಲ ಎಸೆಯಬಹುದು. ಇಂಥ ಹೊತ್ತಿಗೆ ಮನೆಗೇ ಬಂದು ನಿಭಾಯಿಸುವ ತಂಡ ನಮ್ಮ ಬಹುತೇಕ ಊರುಗಳಲ್ಲಿ ಇಲ್ಲ. ಮೊದಲ ಅರ್ಧ ಗಂಟೆ ಮನೆಯವರದ್ದೇ. ಆ ಅರ್ಧ ಗಂಟೆ ಹದಗೆಡುವುದು ಸಾಮಾನ್ಯವಾಗಿ ಏನೂ ಮಾಡದ್ದರಿಂದಲ್ಲ, ಎಲ್ಲರೂ ಸೇರಿ ಒಟ್ಟಿಗೆ ಏನೇನೋ ಮಾಡುವುದರಿಂದ.

ಇದು ಹಠವೋ, ಮೆಲ್ಟ್‌ಡೌನೋ (ಸದ್ದು, ಬೆಳಕು, ಒತ್ತಡ ತಡೆಯಲಾರದೆ ಮಗು ತನ್ನ ಹತೋಟಿಯನ್ನೇ ಕಳೆದುಕೊಳ್ಳುವ ಸ್ಥಿತಿ) ಎಂದು ಮೊದಲು ನೋಡಿ. ಹಠ ಹಿಡಿದ ಮಗು ನಡುನಡುವೆ ನಿಮ್ಮ ಮುಖ ನೋಡುತ್ತದೆ, ಕೇಳಿದ್ದು ಸಿಕ್ಕರೆ ಸುಮ್ಮನಾಗುತ್ತದೆ. ಮೆಲ್ಟ್‌ಡೌನ್‌ನಲ್ಲಿ ಕೇಳಿದ್ದನ್ನು ಕೊಟ್ಟರೂ ನಿಲ್ಲದು. ಆಗ ಬೈದು, ಹೊಡೆದು, ಬುದ್ಧಿ ಹೇಳಿ ಪ್ರಯೋಜನವಿಲ್ಲ. ನೀವು ಹೇಳುವುದನ್ನು ಗ್ರಹಿಸುವ ಸ್ಥಿತಿಯಲ್ಲೇ ಅದು ಇರುವುದಿಲ್ಲ.

ಆ ಕ್ಷಣದಲ್ಲಿ

ಒಬ್ಬರು ಮಾತ್ರ ಮಗುವಿನ ಬಳಿ ಇರಲಿ, ಒಬ್ಬರು ಮಾತ್ರ ಮಾತಾಡಲಿ. ಇನ್ನೊಬ್ಬರು ಟಿವಿ, ಮಿಕ್ಸಿ ನಿಲ್ಲಿಸಿ, ಕುಕ್ಕರ್ ಇಳಿಸಿ, ಟ್ಯೂಬ್‌ಲೈಟ್ ಆರಿಸಿ, ಮಗುವಿನ ತಮ್ಮ-ತಂಗಿಯರನ್ನು ಬೇರೆ ಕೋಣೆಗೆ ಕರೆದೊಯ್ಯಲಿ. ಮಗುವಿನಿಂದ ಎರಡು ತೋಳಿನಷ್ಟು ದೂರದಲ್ಲಿ, ಎದುರಿಗಲ್ಲದೆ ಪಕ್ಕಕ್ಕೆ ನಿಲ್ಲಿ. ಬಾಗಿಲಿಗೆ ಅಡ್ಡ ನಿಲ್ಲಬೇಡಿ. "ಅಮ್ಮ ಇಲ್ಲೇ ಇದ್ದೀನಿ", "ಕೂತ್ಕೋ" ಎನ್ನುವಂಥ ಎರಡು ಮೂರು ಪದ ಸಾಕು. ಹೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ಈ ಮಕ್ಕಳಿಗೆ ಮಾತು ಒಳಗಿಳಿಯಲು ಸಮಯ ಬೇಕು. ಅಷ್ಟರೊಳಗೆ ಅದನ್ನೇ ಬೇರೆ ಪದಗಳಲ್ಲಿ ಹೇಳಿದರೆ ಮಗುವಿನ ಪಾಲಿಗೆ ಅದು ಇನ್ನೊಂದು ಹೊಸ ಮಾತು. ಚಿತ್ರದ ಕಾರ್ಡ್ ಬಳಸುವ ಮಗುವಾದರೆ ಮಾತಿನ ಬದಲು ಅದನ್ನೇ ತೋರಿಸಿ.

ತಲೆ ಚಚ್ಚಿಕೊಳ್ಳುತ್ತಿದ್ದರೆ ಗೋಡೆಗೂ ತಲೆಗೂ ನಡುವೆ ದಿಂಬು ಅಥವಾ ಮಡಿಸಿದ ಕಂಬಳಿ ತೂರಿಸಿ. ನಿಮ್ಮ ಕೈ ಕಚ್ಚಿ ಹಿಡಿದರೆ ಹಿಂದಕ್ಕೆ ಎಳೆಯಬೇಡಿ, ಚರ್ಮ ಹರಿಯುತ್ತದೆ. ಕೈಯನ್ನು ಬಾಯಿಯ ಕಡೆಗೇ ಮೆಲ್ಲಗೆ ಒತ್ತಿ, ದವಡೆ ಸಡಿಲವಾದಾಗ ಹೊರತೆಗೆಯಿರಿ. ಮೂಗು ಹಿಡಿಯುವುದು ಬೇಡ. ಕೂದಲು ಹಿಡಿದರೆ ಅದರ ಮುಷ್ಟಿಯ ಮೇಲೆ ನಿಮ್ಮ ಎರಡೂ ಕೈಯಿಟ್ಟು ನಿಮ್ಮ ತಲೆಗೇ ಒತ್ತಿಕೊಳ್ಳಿ. ಎಳೆತ ನಿಂತರೆ ನೋವೂ ಕಡಿಮೆ, ಬಿಡಿಸುವುದೂ ಸುಲಭ.

ಬೋರಲು ಮಲಗಿಸಿ ಬೆನ್ನಿನ ಮೇಲೆ ಕೂರುವುದು, ಎದೆಗೆ ಮಂಡಿ ಊರುವುದು ಎಂದೂ ಬೇಡ. ಎದೆ ಹಿಗ್ಗಲು ಜಾಗವಿಲ್ಲದೆ ಉಸಿರು ಕಟ್ಟುತ್ತದೆ. ದೊಡ್ಡವರು ಹೀಗೆ ಅದುಮಿ ಹಿಡಿದಾಗ ಮಕ್ಕಳು ಸತ್ತದ್ದುಂಟು. ಕಟ್ಟಿಹಾಕುವುದು, ಒಂಟಿಯಾಗಿ ಕೂಡಿಹಾಕಿ ಚಿಲಕ ಹಾಕುವುದು, ಮುಖಕ್ಕೆ ನೀರು ಎರಚುವುದೂ ಬೇಡ. ದೃಷ್ಟಿಯಾಗಿದೆ ಎಂದು ಅಜ್ಜಿ ಮೆಣಸಿನಕಾಯಿ ಸುಡಲು ಹೊರಟರೆ ಪ್ರೀತಿಯಿಂದಲೇ ತಡೆಯಿರಿ. ವಾಸನೆ ತಡೆಯದ ಮಗುವಿಗೆ ಆ ಘಾಟು ಉರಿಯುವ ಬೆಂಕಿಗೆ ತುಪ್ಪ.

ನೋವು ಎಲ್ಲಿದೆ?

ಹಿಂದೆ ಇಲ್ಲದ ವರ್ತನೆ ಒಂದೆರಡು ದಿನದಲ್ಲಿ ಶುರುವಾಗಿದ್ದರೆ ಮನಸ್ಸಿಗಿಂತ ಮೊದಲು ಮೈ ನೋಡಿ. ಮಾತು ಬಾರದ ಮಗು ಹಲ್ಲುನೋವನ್ನು ಹೇಳುವುದು ಕೆನ್ನೆಗೆ ಹೊಡೆದುಕೊಂಡು, ಕಿವಿನೋವನ್ನು ಹೇಳುವುದು ತಲೆ ಚಚ್ಚಿಕೊಂಡು. ಮೂರು ದಿನದಿಂದ ಮಲ ಹೋಗಿಲ್ಲವೇ? ಹೊಟ್ಟೆ ಗಟ್ಟಿಯಾಗಿದೆಯೇ? ಜ್ವರ, ಕಾಲಿನ ಗಾಯ, ಉರಿಮೂತ್ರ ಇದೆಯೇ? ಹುಡುಗಿಯರಲ್ಲಿ ಮುಟ್ಟಿನ ದಿನ ಸಮೀಪಿಸಿದೆಯೇ? ನಾಲ್ಕು ರಾತ್ರಿ ನಿದ್ದೆ ಕೆಟ್ಟಿದ್ದರೆ ಅದೊಂದೇ ಕಾರಣ ಸಾಕು. ವೈದ್ಯರೂ ಕೆಲವೊಮ್ಮೆ "ಆಟಿಸಂ ಅಲ್ವಾ, ಹಾಗೇ" ಎಂದು ಬಿಟ್ಟುಬಿಡುತ್ತಾರೆ. ಬಾಯಿ, ಕಿವಿ, ಹೊಟ್ಟೆ ಪರೀಕ್ಷಿಸಿ ಎಂದು ನೀವೇ ಪಟ್ಟು ಹಿಡಿಯಿರಿ.

ಫಿಟ್ಸ್ ಇರುವ ಮಕ್ಕಳಲ್ಲಿ ಫಿಟ್ಸ್ ಮುಗಿದ ಮೇಲಿನ ಗೊಂದಲದಲ್ಲೂ ತಳ್ಳಾಟ, ಹೊಡೆದಾಟ ಬರಬಹುದು. ಹಿಡಿಯಲು ಹೋದರೆ ಅದು ಹೆಚ್ಚುತ್ತದೆ.

ಮಾತ್ರೆಯ ವಿಷಯ

ಸಿಡುಕು, ಹೊಡೆದಾಟ ತಗ್ಗಿಸಲು ವೈದ್ಯರು ಬರೆಯುವ ರಿಸ್ಪೆರಿಡೋನ್, ಅರಿಪಿಪ್ರಜೋಲ್‌ನಂಥ ಮಾತ್ರೆ ಶುರುಮಾಡಿದ ಅಥವಾ ಹೆಚ್ಚಿಸಿದ ಕೆಲವು ದಿನಗಳಲ್ಲಿ ಮಗು ಕೂತಲ್ಲಿ ಕೂರದೆ ಒಂದೇ ಸಮ ಓಡಾಡತೊಡಗಿದರೆ ಅದು ಕಾಯಿಲೆ ಹೆಚ್ಚಾದದ್ದಲ್ಲ, ಮಾತ್ರೆಯ ಪರಿಣಾಮವೇ ಇರಬಹುದು. ಸಾಲದೆಂದು ಇನ್ನೊಂದು ಮಾತ್ರೆ ಕೊಟ್ಟರೆ ಕೆಡುತ್ತದೆ. ಕುತ್ತಿಗೆ ಒಂದೇ ಕಡೆ ತಿರುಚಿಕೊಂಡು ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡರೆ ಅದೂ ನಾಟಕವಲ್ಲ. ಕೂಡಲೇ ಆಸ್ಪತ್ರೆಗೆ ಹೋಗಿ, ಅದಕ್ಕೆ ಇಂಜೆಕ್ಷನ್ ಇದೆ. ಅಜ್ಜನ ನಿದ್ದೆ ಮಾತ್ರೆಯಲ್ಲಿ ಅರ್ಧ ಮುರಿದು ಕೊಡುವುದು ಎರಡು ರೀತಿ ಅಪಾಯ: ಕೆಲವು ಮಕ್ಕಳಲ್ಲಿ ಅದು ಮಂಪರಿನ ಬದಲು ಉದ್ರೇಕ ತರುತ್ತದೆ, ಕೆಲವರಲ್ಲಿ ಉಸಿರಾಟ ನಿಧಾನಿಸುತ್ತದೆ. ಫಿಟ್ಸ್ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಬಾರದು.

ಇಳಿದ ಮೇಲೆ

ಅಬ್ಬರ ನಿಂತಿತೆಂದರೆ ಮಗು ಸರಿಹೋಯಿತೆಂದಲ್ಲ. ಆ ಹೊತ್ತಿಗೆ "ಯಾಕೆ ಹಾಗೆ ಮಾಡ್ದೆ?" ಎಂದು ಕೇಳಿದರೆ ಎರಡನೇ ಸುತ್ತು ಶುರುವಾಗುವುದುಂಟು. ನೀರು ಕೊಡಿ, ಮಲಗಿದರೆ ಮಲಗಲು ಬಿಡಿ. ಒಡೆದದ್ದನ್ನು ಆಮೇಲೆ ಗುಡಿಸಿದರಾಯಿತು. ತಲೆಗೆ ಪೆಟ್ಟಾಗಿದ್ದರೆ ಮೇಲಿಂದ ಮೇಲೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಕಿವಿ ಮೂಗಿನಿಂದ ನೀರು ಅಥವಾ ರಕ್ತ ಇದೆಯೇ ನೋಡಿ. ಒಂದಿದ್ದರೂ ತಡಮಾಡಬೇಡಿ.

ಅಂದೇ ರಾತ್ರಿ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆಯಿರಿ: ಎಷ್ಟು ಗಂಟೆಗೆ, ಅದಕ್ಕೆ ಮುಂಚೆ ಏನು ನಡೆಯುತ್ತಿತ್ತು, ಎಷ್ಟು ನಿಮಿಷ, ಯಾವುದರಿಂದ ಇಳಿಯಿತು. ಹದಿನೈದು ದಿನದ ಬರಹ ಸೇರಿದರೆ ಒಂದು ಎಳೆ ಕಾಣಬಹುದು. ಶಾಲೆ ವ್ಯಾನ್ ತಡವಾದ ದಿನವೋ, ಪಕ್ಕದ ಮನೆಯಲ್ಲಿ ಡ್ರಿಲ್ ಓಡಿದ ದಿನವೋ. ನೆನಪಿನಿಂದ ಹೇಳಿದರೆ ಎಲ್ಲ ದಿನವೂ ಒಂದೇ ಥರ ಕೇಳುತ್ತದೆ.

ಮನೆಯಲ್ಲಿ ಮೊದಲೇ ಮಾಡಿಡಬೇಕಾದದ್ದು ಹೆಚ್ಚೇನಿಲ್ಲ. ಚಾಕು, ಈಳಿಗೆ ಮಣೆ, ಟಾಯ್ಲೆಟ್ ಆಸಿಡ್, ಮಾತ್ರೆಗಳಿಗೆ ಬೀಗ. ಗ್ಯಾಸ್ ರೆಗ್ಯುಲೇಟರ್ ಬಂದ್. ಬಾಲ್ಕನಿಗೆ ಗ್ರಿಲ್. ಬಚ್ಚಲು, ಕೋಣೆಯ ಒಳಚಿಲಕ ಹೊರಗಿಂದಲೂ ತೆರೆಯುವಂತಿರಲಿ. ಅಕ್ಕಪಕ್ಕದವರಿಗೆ ಮುಂಚೆಯೇ ಹೇಳಿಡಿ, ಇಲ್ಲದಿದ್ದರೆ ಗದ್ದಲ ಕೇಳಿ ಗುಂಪು ಸೇರುತ್ತದೆ.

ಫೋನ್ ಯಾರಿಗೆ? ಮಾತಾಡಿ ಸಲಹೆ ಪಡೆಯಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಹಗಲು ರಾತ್ರಿ, ಕನ್ನಡದಲ್ಲೂ ಉಂಟು. ಉಸಿರಾಟದ ತೊಂದರೆ, ನಿಲ್ಲದ ರಕ್ತ, ಏನಾದರೂ ನುಂಗಿದ್ದು, ಐದು ನಿಮಿಷ ದಾಟಿದ ಫಿಟ್ಸ್, ಇವಕ್ಕೆ ನೇರ 108. ಆಂಬುಲೆನ್ಸ್ ಬರುವವರೆಗೆ ಫಿಟ್ಸ್ ಬಂದ ಮಗುವನ್ನು ಮಗ್ಗುಲಾಗಿ ಮಲಗಿಸಿ. ಬಾಯಿಗೆ ಚಮಚವೂ ಬೇಡ, ಕೈಗೆ ಕಬ್ಬಿಣವೂ ಬೇಡ. ಫೋನ್ ಮಾಡುವಾಗ "ಮಗುವಿಗೆ ಆಟಿಸಂ ಇದೆ, ಮಾತು ಬರಲ್ಲ, ಸೈರನ್ ಆರಿಸಿಕೊಂಡು ಬನ್ನಿ" ಎಂದು ಹೇಳಿ. ಮಗುವಿನ ತೂಕ, ಮಾತ್ರೆಯ ಹೆಸರು ಮತ್ತು ಪ್ರಮಾಣ, ಒಗ್ಗದ ಔಷಧ, ಭಯಪಡುವ ವಸ್ತು, ಸಮಾಧಾನ ಕೊಡುವ ವಸ್ತು ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದು, ಯುಡಿಐಡಿ ಕಾರ್ಡಿನ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಪ್ರತಿಯ ಜೊತೆ ಬಾಗಿಲ ಹಿಂದೆ ತೂಗುಹಾಕಿಡಿ.