ಸೀರಿ ಅಂಗಡಿ ಚೀಲದಾಗಿನ ಕಾಗದ: ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬೋಕ ನಾ ಹೆಂಗ ಜೋಡಿಸ್ತೀನಿ

ನಾ ಕಲಬುರಗ್ಯಾಗ ಇರ್ತೀನ್ರಿ, ಆಳಂದ ತಾಲೂಕಿನ ಸರ್ಕಾರಿ ಶಾಲ್ಯಾಗ ಮಾಸ್ತರ್. ಪಗಾರ ಬಿಟ್ರ ಬ್ಯಾರೆ ಏನದ, ಪಗಾರ, ಕಡದ ಟ್ಯಾಕ್ಸಿನ ಲೆಕ್ಕ ಇರೋ ಫಾರ್ಮ್ 16 ನೋಡಿ ತುಂಬಿದ್ರ ಮುಗೀತು ಅಂತ ಭಾಳ ವರ್ಷ ಹಂಗೇ ನಡಸ್ಕೊಂಡು ಬಂದೆ. ಎಲ್ಐಸಿ ರಸೀದಿ, ಮಕ್ಕಳ ಫೀ ಪಾವತಿ, ಎಫ್‌ಡಿ ಕಾಗದ, ಅಪ್ಪ ತೊಗರಿ ಮಾರಿದ ಪಟ್ಟಿ, ಎಲ್ಲಾ ಗ್ವಾಡಿ ಮೊಳಿಗೆ ತೂಗಹಾಕಿದ ಸೀರಿ ಅಂಗಡಿ ಚೀಲದಾಗೇ ಇರ್ತಿದ್ವು.

2024ರ ಜುಲೈ 29ಕ್ಕ, ಇನ್ನೆರಡೇ ದಿನ ಉಳದಾಗ, ಗಡಿಬಿಡ್ಯಾಗ ರಿಟರ್ನ್ ಹಾಕಿದೆ. ಎಫ್‌ಡಿ ಬಡ್ಡಿ 31,400 ಬಂದಿತ್ತು, ಅದನ್ನ ತೋರಿಸ್ಲಿಲ್ಲ. ಆ ವರ್ಷ ಬಡ್ಡಿ 40,000 ದಾಟಿದ್ರ ಮಾತ್ರ ಬ್ಯಾಂಕಿನವ್ರು ಟಿಡಿಎಸ್, ಅಂದ್ರ ಮುಂಚೇನೇ ಟ್ಯಾಕ್ಸ್, ಕಡೀತಿದ್ರು, ನಂದು ಕಡದಿಲ್ಲ ಅಂದ್ಮ್ಯಾಲ ಟ್ಯಾಕ್ಸೇ ಇಲ್ಲ ಅಂತ ತಿಳ್ಕೊಂಡಿದ್ದೆ. ಹಂಗಿಲ್ರಿ. ಟಿಡಿಎಸ್ ಕಡೀಲಿ ಬಿಡ್ಲಿ, ಬಡ್ಡಿ ಅಂದ್ರ ಆದಾಯನೇ, ಬ್ಯಾಂಕಿನವ್ರು ಕಳಿಸಿದ ಲೆಕ್ಕ ಎಐಎಸ್‌ನಾಗ, ಅಂದ್ರ ಇನ್‌ಕಮ್ ಟ್ಯಾಕ್ಸಿನವ್ರು ನಮ್ಮ ಹೆಸರಿಗೆ ಇಟ್ಟ ವರ್ಷದ ಲೆಕ್ಕದಾಗ, ಕುಂತೇ ಇರ್ತದ. ಡಿಸೆಂಬರ್‌ನಾಗ ಮೊಬೈಲಿಗೆ ಮೆಸೇಜ್ ಬಂತು, ತಾಳೆ ಆಗವಲ್ದು ಅಂತ. 31ರ ಒಳಗ ತಿದ್ದಿದ (ರಿವೈಸ್ಡ್) ರಿಟರ್ನ್ ಹಾಕಿ ಆರೂವರೆ ಸಾವಿರ ಟ್ಯಾಕ್ಸು, ಮ್ಯಾಲ ಬಡ್ಡಿ ಕಟ್ಟಿದೆ.

ಅದಕ್ಕಿಂತ ಕಾಡಿದ್ದು ತೊಗರಿ ರೊಕ್ಕ. ಅಡತ್ ಅಂಗಡಿಯಿಂದ 1,86,000 ನನ್ನ ಖಾತೆಗೇ ಬಂದಿತ್ತು. ನನ್ನ ಲೆಕ್ಕ ನೋಡಿದ ಆಡಿಟರ್ ಪಾಸ್‌ಬುಕ್ಕಿನ ಆ ಸಾಲಿನ ಮ್ಯಾಲ ಬೊಟ್ಟಿಟ್ಟು, ಇದೇನ್ ಮಾಸ್ತರ್ರ ಅಂದ್ರು. ಹೊಲ ಅಪ್ಪನ ಹೆಸರಿಂದು, ಒಕ್ಕಲುತನದ ಆದಾಯ ಅಂದ್ರ ಟ್ಯಾಕ್ಸ್ ಇಲ್ಲ, ಖರೆ, ಆದ್ರ ಬಾಯಿ ಮಾತ್ ನಡಿಯಂಗಿಲ್ಲ. ಅಪ್ಪನ್ನ ಕೇಳಿದ್ರ, "ಪಟ್ಟಿ ನಿನ್ನ ಕೈಯಾಗೇ ಕೊಟ್ಟಿದ್ನಲ್ಲೋ ತಮ್ಮಾ" ಅಂದ. ಚೀಲ ಪೂರಾ ನೆಲಕ್ಕ ಸುರುವಿ ಹುಡುಕಿದ್ವಿ, ಸಿಗ್ತು, ಆದ್ರ ಮಡಚಿದ ಜಾಗದಾಗ ಹರದು, ತೂಕ ರೇಟು ಓದಾಕ ಬರ್ತಿತ್ತು, ಹೆಸರಿನ ಅರ್ಧ ಅಳಿಸಿಹೋಗಿತ್ತು. ಅಂಗಡ್ಯಾಗ ಹೋಗಿ ಮತ್ತ ಬರಸ್ಕೊಂಡು ಬಂದು, ಪಹಣಿ ಜೋಡಿ ಪಿನ್ ಮಾಡಿಟ್ಟೆ. ಈಗ ತೊಗರಿ ರೊಕ್ಕ ಸೀದಾ ಅಪ್ಪನ ಖಾತೆಗೇ ಹಾಕಸ್ತೀವಿ, ಪಟ್ಟಿ ಬಂದ ದಿನಾನೇ ಝೆರಾಕ್ಸ್ ಮಾಡಸ್ತೀನಿ. ಎಟಿಎಂ ಚೀಟಿ ಥರದ ನುಣುಪು ಕಾಗದದ ರಸೀದಿ ಇದ್ರಂತೂ ಬಿಡೋದೇ ಬ್ಯಾಡ್ರಿ, ಒಂದು ಬ್ಯಾಸಗಿ ಕಳೆಯೋದ್ರಾಗ ಬೆಳ್ಳಗಾಗ್ತಾವ.

ಈಗ ನಾ ಮಾಡೋದು ಇಷ್ಟೇ. ಏಪ್ರಿಲ್‌ನಾಗ ಖಾನಿ ಇರೋ ಹೊಸ ಫೈಲು ತಂದು ಮ್ಯಾಲ ಆರ್ಥಿಕ ವರ್ಷ ಬರೀತೀನಿ. 2023-24ರಾಗ ಗಳಿಸಿದ್ದಕ್ಕ ಅಸೆಸ್‌ಮೆಂಟ್ ವರ್ಷ, ಅಂದ್ರ ಲೆಕ್ಕ ನೋಡೋ ಮುಂದಿನ ವರ್ಷ, 2024-25 ಆಗಿತ್ತು, ಇದ್ರಾಗ ಭಾಳ ಮಂದಿ ಎಡವ್ತಾರ, 2026ರ ಮಾರ್ಚ್ ತನಕದ ಗಳಿಕೆಯ ಫೈಲಿನ ಮ್ಯಾಲ ಎರಡೂ ಬರದಿಟ್ರ ಛಲೋ. ತಿಂಗಳ ಮೊದಲನೇ ಐತವಾರ ನಾ, ನಮ್ಮ ಮನಿಯಾಕಿ ಪಾಸ್‌ಬುಕ್ ತಗೊಂಡ್ ಕೂಡ್ತೀವಿ, ಜಮಾ ಆದ ಒಂದೊಂದು ರೊಕ್ಕದ ಬಾಜೂಕ ಪೆನ್ಸಿಲ್‌ಲೆ ಬರೀತೀವಿ: ಪಗಾರ, ಬಡ್ಡಿ, ಅಣ್ಣ ಕೈಗಡ ವಾಪಸ್ ಕೊಟ್ಟಿದ್ದು. ಅವತ್ತು ನೆನಪಿರ್ತದ್ರಿ, ವರ್ಷ ಕಳದ್ರ ಯಾರಿಗೂ ಇರಂಗಿಲ್ಲ. ಕೆಜಿಐಡಿ (ಸರ್ಕಾರಿ ನೌಕರರ ವಿಮೆ), ಎಲ್ಐಸಿ, ಮಕ್ಕಳ ಟ್ಯೂಷನ್ ಫೀ ರಸೀದಿ ಒಂದೇ ಖಾನ್ಯಾಗ, 2026ರ ಮಾರ್ಚ್ ತನಕದ ಗಳಿಕೆಗೆ ಹಳೇ ಟ್ಯಾಕ್ಸ್ ಪದ್ಧತ್ಯಾಗ ಮೂರೂ 80ಸಿ ಅನ್ನೋ ರಿಯಾಯ್ತಿ ಒಳಗೇ ಬರ್ತಾವ. ಹಳೇ ಪದ್ಧತಿಯೋ ಹೊಸ ಪದ್ಧತಿಯೋ ಯಾವ್ದು ಲಾಭ ಅಂತ ಹೋಲಿಸಿ ನೋಡಬೇಕಾದ್ರೂ ಇವು ಕೈಯಾಗ ಇರಬೇಕು.

ಜೂನ್‌ನಾಗ ಫಾರ್ಮ್ 16 ಬಂದ್ಮ್ಯಾಲ ಎಐಎಸ್ ಪಿಡಿಎಫ್ ಇಳಿಸ್ಕೋತೀನಿ. ಪಾಸ್‌ವರ್ಡ್ ಅಂದ್ರ ಪ್ಯಾನ್ ನಂಬರ್ ಸಣ್ಣ ಅಕ್ಷರದಾಗ, ಅದರ ಹಿಂದ ಹುಟ್ಟಿದ ದಿನ, ತಿಂಗಳು, ವರ್ಷ. ಅದನ್ನ ಪ್ರಿಂಟ್ ಹಾಕಿ ಪಾಸ್‌ಬುಕ್ ಬಾಜೂಕ ಇಟ್ಟು ಸಾಲಿಗೊಂದು ಟಿಕ್ ಹಾಕ್ತೀನಿ, ನಮ್ದಲ್ಲದ್ದು ಏನರೆ ಬಂದಿದ್ರ ಅಲ್ಲೇ ಫೀಡ್‌ಬ್ಯಾಕ್ ಕೊಡಾಕ ಬರ್ತದ. ಆಮ್ಯಾಲನೇ ರಿಟರ್ನ್. ಹಾಕಿದ ದಿನಾನೇ ಆಧಾರ್ ಒಟಿಪಿ ಕೊಟ್ಟು ಇ-ವೆರಿಫೈ, ಅಂದ್ರ ಆನ್‌ಲೈನ್‌ನಾಗೇ ಖಾತ್ರಿ, ಮಾಡಿಬಿಡ್ತೀನಿ, 30 ದಿನ ಟೈಮ್ ಅದ ಅಂತ ಬಿಡಂಗಿಲ್ಲ, ಪಾವತಿ ಪ್ರಿಂಟ್ ಫೈಲಿನ ಮುಂದಿನ ಖಾನಿಗೆ ಹೋಗ್ತದ.