ಎರಡು ಬೆಕ್ಕು, ಒಂದು ಓಣಿ

ಬೆಂಗಳೂರಿನ ಮಗನ ಮನೆಗೆ ಹೋದ ದಿನವೇ ಸೊಸೆ ದೂರು ಹೇಳಿದಳು. "ಅತ್ತೆ, ಈ ಚಿಕ್ಕಿ ಬೇಕಂತಲೇ ನನ್ನ ಹಾಸಿಗೆ ಮೇಲೆ ಉಚ್ಚೆ ಹೊಯ್ಯುತ್ತೆ. ಕೆಂಚ ಪಾಪ, ತನ್ನ ಪಾಡಿಗೆ ತಾನು ಬಿದ್ದುಕೊಂಡಿರುತ್ತೆ. ಇದಕ್ಕೆ ಬರೀ ಹೊಟ್ಟೆಕಿಚ್ಚು."

ನಾನು ಏನೂ ಹೇಳಲಿಲ್ಲ. ಮರುದಿನ ಕಾಫಿ ಲೋಟ ಹಿಡಿದು ಹಾಲ್‌ನಲ್ಲಿ ಕೂತೆ. ಬೆಳಗ್ಗೆ ಪೂರ್ತಿ ಸುಮ್ನೆ ನೋಡಿದೆ. ಕೆಂಚ ಬಿದ್ದುಕೊಂಡಿದ್ದ ಜಾಗ ಯಾವುದು ಗೊತ್ತಾ? ಹಾಲ್‌ನಿಂದ ಬಚ್ಚಲಿಗೆ ಹೋಗುವ ಸಣ್ಣ ಓಣಿಯ ನಟ್ಟನಡುವೆ. ಬೆಕ್ಕುಗಳು ಉಚ್ಚೆ ಹೊಯ್ಯಲು ಇಟ್ಟ ಮರಳಿನ ಟ್ರೇ ಇದ್ದದ್ದು ಬಚ್ಚಲಲ್ಲಿ. ಚಿಕ್ಕಿ ಸೋಫಾದ ಅಡಿಯಿಂದ ಮೂರು ಸಲ ಹೊರಗೆ ಬಂತು. ಮೂರು ಸಲವೂ ಕೆಂಚ ತಲೆ ಎತ್ತಿ ದಿಟ್ಟಿಸಿತು, ಅಷ್ಟೇ. ಗುರ್ ಅನ್ನಲಿಲ್ಲ, ಪಂಜ ಎತ್ತಲಿಲ್ಲ. ಚಿಕ್ಕಿ ವಾಪಸ್ ಸೋಫಾದ ಅಡಿಗೆ ಹೋಯಿತು. ನಾಲ್ಕನೇ ಸಲ ಮಲಗುವ ಕೋಣೆಗೆ ಓಡಿತು. ಆಮೇಲೆ ಏನಾಯಿತು ಅಂತ ಹೇಳಬೇಕಿಲ್ಲ ಅಲ್ವಾ?

ಬೆಕ್ಕಿನ ದಬ್ಬಾಳಿಕೆ ಹೆಚ್ಚಿನ ಸಲ ಹೀಗೇ ಇರುತ್ತದೆ, ಸದ್ದಿಲ್ಲದೆ. ಕಿರುಚಾಡಿ ಕೂದಲು ಹಾರಿಸಿದರೆ ಮನೆಯವರಿಗೆ ಗೊತ್ತಾಗುತ್ತದೆ. ದಾರಿಗೆ ಅಡ್ಡ ಮಲಗಿ ಕಣ್ಣಲ್ಲೇ ಹೆದರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ನಾವು "ಎಷ್ಟು ಸಾಧು ನೋಡು" ಅಂತ ಅದರ ತಲೆಯನ್ನೇ ಸವರುತ್ತೇವೆ. ಹಾಗಾಗಿ ಎರಡು ಬೆಕ್ಕು ಸಾಕುವವರು ಮೊದಲು ಮಾಡಬೇಕಾದ ಕೆಲಸ ಇದು: ಯಾವುದು ಎಲ್ಲಿ ಕೂರುತ್ತದೆ, ಆ ಜಾಗದಿಂದ ಯಾವ ಬಾಗಿಲು ಕಾಣುತ್ತದೆ, ಇನ್ನೊಂದು ಯಾವ ದಾರಿ ಬಿಟ್ಟು ಯಾವ ದಾರಿಯಲ್ಲಿ ಓಡಾಡುತ್ತದೆ, ಇಷ್ಟನ್ನು ನೋಡಿಕೊಳ್ಳಿ. ಒಂದು ಬೆಕ್ಕು ಯಾವಾಗಲೂ ಮಂಚದಡಿಯಲ್ಲೇ ಇದ್ದರೆ ಅದು ನಾಚಿಕೆ ಅಂತ ತಿಳಿಯಬೇಡಿ.

ಹೊಟ್ಟೆಕಿಚ್ಚು ಅನ್ನುವುದು ನಮ್ಮ ಮಾತು. ಯಜಮಾನ ಅನ್ನುವುದೂ ನಮ್ಮ ಮಾತೇ. ಬೆಕ್ಕು ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ಗುಂಪು ಕಟ್ಟಿ, ಯಾರು ಮೊದಲು ಯಾರು ಆಮೇಲೆ ಅಂತ ಪಂಕ್ತಿ ಹಾಕಿಕೊಂಡು ಬಾಳುವ ಜಾತಿ ಅಲ್ಲ. ಅದಕ್ಕೆ ಬೇಕಾದ್ದು ತನ್ನದೊಂದು ಜಾಗ, ತನ್ನದೊಂದು ತಟ್ಟೆ, ತಪ್ಪಿಸಿಕೊಳ್ಳಲು ಒಂದು ದಾರಿ. ಅದು ಸಿಗದಿದ್ದಾಗ ಮಾಡುವ ಗಲಾಟೆಗೆ ನಾವು ಹೊಟ್ಟೆಕಿಚ್ಚು ಅಂತ ಹೆಸರಿಟ್ಟಿದ್ದೇವೆ.

ಸಾಗರದ ಹತ್ತಿರದ ನಮ್ಮ ಹಳ್ಳಿಮನೆಯಲ್ಲಿ ಒಂದು ಕಾಲಕ್ಕೆ ಐದು ಬೆಕ್ಕು ಇದ್ದವು. ಜಗಳ ಇರಲಿಲ್ಲ ಅಂತಲ್ಲ, ಇತ್ತು. ಆದರೆ ಒಂದು ಒಲೆಯ ಪಕ್ಕ ಮಲಗಿದರೆ ಇನ್ನೊಂದು ಮೆತ್ತಿನ ಮೇಲೆ. ಒಂದು ಕೊಟ್ಟಿಗೆಯ ಹುಲ್ಲಿನ ಮೇಲೆ, ಮತ್ತೊಂದು ಅಡಿಕೆ ಅಟ್ಟದ ನೆರಳಲ್ಲಿ. ಐದನೆಯದು ಸೌದೆ ರಾಶಿಯ ಸಂದಿಯಲ್ಲಿ. ಮುಖ ನೋಡಲು ಇಷ್ಟವಿಲ್ಲದಿದ್ದರೆ ವಾರಗಟ್ಟಲೆ ನೋಡದೇ ಇರಬಹುದಿತ್ತು. ಅವುಗಳಲ್ಲಿ ತಾಯಿ ಮಗಳು ಎರಡೂ ಒಂದೇ ವಾರ ಮರಿ ಹಾಕಿ, ಒಂದೇ ಬುಟ್ಟಿಯಲ್ಲಿ ಎಲ್ಲ ಮರಿಗಳಿಗೂ ಹಾಲು ಕೊಟ್ಟವು. ರಕ್ತಸಂಬಂಧದ ಹೆಣ್ಣು ಬೆಕ್ಕುಗಳು ಹೀಗೆ ಕೂಡಿ ಬಾಳುವುದುಂಟು. ಹೊಸದಾಗಿ ಸಾಕುವವರು ಒಂದೇ ಸೂಲಿನ ಎರಡು ಮರಿಗಳನ್ನು ಒಟ್ಟಿಗೆ ತಂದರೆ ಅರ್ಧ ತಲೆನೋವು ಕಡಿಮೆ. ಮಗನ ಮನೆಯ ಕಥೆ ಬೇರೆ. ಮೂರನೇ ಮಹಡಿ, ಎರಡು ಕೋಣೆ, ಬಿಸಿಲು ಬೀಳುವ ಕಿಟಕಿ ಒಂದೇ. ಆರು ವರ್ಷದ ಕೆಂಚ ಅದೆಲ್ಲ ತನ್ನದೇ ಅಂತ ಇತ್ತು. ಮೊಮ್ಮಗ ಒಂದು ಸಂಜೆ ಬೀದಿಯಿಂದ ಚಿಕ್ಕಿಯನ್ನು ಎತ್ತಿಕೊಂಡು ಬಂದು ಹಾಲ್‌ನ ಮಧ್ಯೆ ಬಿಟ್ಟ. "ತಾವೇ ಸರಿಹೋಗುತ್ತವೆ ಬಿಡಿ" ಅಂದರಂತೆ ಎಲ್ಲರೂ. ನಿಮ್ಮ ಮನೆಗೆ ಯಾರೋ ಒಬ್ಬರು ಹಾಸಿಗೆ ಸುತ್ತಿಕೊಂಡು ಬಂದು ನಿಮ್ಮ ಮಂಚದ ಮೇಲೆ ಬಿಚ್ಚಿದರೆ ನೀವು ಸರಿಹೋಗುತ್ತೀರಾ?

ನಾನು ಮೊದಲು ಮಾಡಿಸಿದ್ದು ಟ್ರೇ ಕೆಲಸ. ಎಷ್ಟು ಬೆಕ್ಕೋ ಅದಕ್ಕಿಂತ ಒಂದು ಜಾಸ್ತಿ ಟ್ರೇ ಬೇಕು. 2 ಬೆಕ್ಕಿಗೆ 3. ಮೂರನ್ನೂ ಸಾಲಾಗಿ ಒಂದೇ ಕಡೆ ಇಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ ಟ್ರೇ. ಒಂದು ಬೆಕ್ಕು ಬಾಗಿಲಲ್ಲಿ ಕೂತರೆ ಮೂರೂ ಬಂದ್. ಅದಕ್ಕೇ ಒಂದು ಬಚ್ಚಲಲ್ಲಿ, ಒಂದು ಬಾಲ್ಕನಿಯಲ್ಲಿ, ಒಂದು ಮಲಗುವ ಕೋಣೆಯ ಮೂಲೆಯಲ್ಲಿ. ಸೊಸೆ ಮೂಗು ಮುರಿದಳು. ದಿನಕ್ಕೆ ಎರಡು ಸಲ ಗಲೀಜು ತೆಗೆದರೆ ವಾಸನೆ ಬರುವುದಿಲ್ಲ ಅಂದೆ. ಮುಚ್ಚಳ ಇರುವ, ಒಂದೇ ಬಾಯಿಯ ಟ್ರೇ ಬೇಡ. ಒಳಗೆ ಹೋದ ಬೆಕ್ಕಿಗೆ ಹೊರಗೆ ಯಾರು ಕಾಯುತ್ತಿದ್ದಾರೆ ಅಂತ ಕಾಣುವುದಿಲ್ಲ.

ಫಿನೈಲ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮರೆಯುತ್ತೇನೆ. ಸೊಸೆ ಉಚ್ಚೆ ಹೊಯ್ದ ಕಡೆಯೆಲ್ಲ ಫಿನೈಲ್ ಹಾಕಿ ಒರೆಸುತ್ತಿದ್ದಳು. ಅದು ಬೆಕ್ಕಿಗೆ ವಿಷ. ಒದ್ದೆ ನೆಲದಲ್ಲಿ ನಡೆದು, ಆಮೇಲೆ ಪಾದ ನೆಕ್ಕಿಕೊಳ್ಳುತ್ತದಲ್ಲ, ಹಾಗೆ ಒಳಗೆ ಹೋಗುತ್ತದೆ. ನುಸಿಗುಳಿಗೆಯೂ ಅಷ್ಟೇ, ಬೆಕ್ಕಿರುವ ಮನೆಯಲ್ಲಿ ಬೇಡವೇ ಬೇಡ. ಸೋಪಿನ ನೀರಲ್ಲಿ ಒರೆಸಿ, ಆಮೇಲೆ ನೀರು ಬೆರೆಸಿದ ವಿನೆಗರ್‌ನಲ್ಲಿ ಒರೆಸಿ, ಒಣಗಲು ಬಿಡಿ. ಹಳೇ ವಾಸನೆ ಉಳಿದರೆ ಬೆಕ್ಕು ಅಲ್ಲಿಗೇ ಮತ್ತೆ ಬರುತ್ತದೆ.

ತಟ್ಟೆಗಳೂ ಬೇರೆ ಬೇರೆ ಕಡೆ ಇರಬೇಕು. ಒಂದು ತಿನ್ನುವಾಗ ಇನ್ನೊಂದು ಕಾಣಬಾರದು. ಒಂದೇ ತಟ್ಟೆಯಲ್ಲಿ ಇಬ್ಬರಿಗೂ ಹಾಲು ಹಾಕಿ "ಹಂಚಿಕೊಂಡು ಕುಡೀರಿ" ಅನ್ನುವುದು ಮಕ್ಕಳಿಗೆ ಸರಿ. ದೊಡ್ಡ ಬೆಕ್ಕುಗಳಿಗೆ ಹಾಲು ಅರಗುವುದೂ ಕಷ್ಟ, ಸುಮಾರಷ್ಟಕ್ಕೆ ಹೊಟ್ಟೆ ಕೆಡುತ್ತದೆ. ನೀರಂತೂ ಎರಡು ಮೂರು ಕಡೆ ಇಡಿ.

ಇನ್ನು ಎತ್ತರ. ನೆಲದ ಮೇಲೆ ಜಾಗ ಇಲ್ಲದಿದ್ದರೆ ಗೋಡೆಯ ಮೇಲೆ ಜಾಗ ಮಾಡಿ. ಫ್ರಿಜ್ ಮೇಲೆ ಹಳೇ ಕಂಬಳಿ ಮಡಚಿ ಹಾಕಿದೆವು. ಕಪಾಟಿನ ಪಕ್ಕ ಸ್ಟೂಲ್, ಸ್ಟೂಲ್ ಮೇಲಿಂದ ಹಲಗೆ. ಹತ್ತಲು ಒಂದು ದಾರಿ, ಇಳಿಯಲು ಇನ್ನೊಂದು ದಾರಿ ಇರಬೇಕು. ಇಲ್ಲದಿದ್ದರೆ ಅದೂ ಒಂದು ಓಣಿಯೇ. ಪರಚಲು ಮುರಿದ ಮೇಜಿನ ಕಾಲಿಗೆ ತೆಂಗಿನ ನಾರಿನ ಹಗ್ಗ ಬಿಗಿಯಾಗಿ ಸುತ್ತಿ ಎರಡು ಕಡೆ ನಿಲ್ಲಿಸಿದೆ. ಪರಚುವುದು ಉಗುರು ಚೂಪು ಮಾಡಲು ಮಾತ್ರ ಅಲ್ಲ, ಇದು ನನ್ನ ಜಾಗ ಅಂತ ವಾಸನೆ ಹಚ್ಚುವುದಕ್ಕೂ ಹೌದು. ರಟ್ಟಿನ ಪೆಟ್ಟಿಗೆ ಎಷ್ಟಿದ್ದರೂ ಸಾಲದು. ಆನ್‌ಲೈನ್‌ನಲ್ಲಿ ಸಾವಿರಾರು ರೂಪಾಯಿಯ ಬೆಕ್ಕಿನ ಮರ ಸಿಗುತ್ತದಂತೆ. ತರಿಸಿದರೆ ಬೆಕ್ಕು ಅದು ಬಂದ ಪೆಟ್ಟಿಗೆಯಲ್ಲಿ ಮಲಗುತ್ತದೆ!

ಇಷ್ಟಾದ ಮೇಲೆ ಎರಡನ್ನೂ ಮೊದಲಿಂದ ಪರಿಚಯ ಮಾಡಿಸಿದೆವು, ಯಾವತ್ತೂ ನೋಡೇ ಇಲ್ಲ ಅನ್ನುವ ಹಾಗೆ. ಚಿಕ್ಕಿಗೆ ಒಂದು ಕೋಣೆ, ಬಾಗಿಲು ಬಂದ್. ಅದಕ್ಕೆ ಅದರದ್ದೇ ಟ್ರೇ, ನೀರು, ಪೆಟ್ಟಿಗೆ. ಮೊದಲ ಮೂರು ದಿನ ಬರೀ ವಾಸನೆ. ಹಳೇ ಪಂಚೆಯ ತುಂಡಲ್ಲಿ ಚಿಕ್ಕಿಯ ಕೆನ್ನೆ ಒರೆಸಿ ಕೆಂಚನ ತಟ್ಟೆ ಪಕ್ಕ ಇಡುವುದು, ಕೆಂಚನದ್ದು ಚಿಕ್ಕಿಯ ಕೋಣೆಯಲ್ಲಿ. ಬೆಕ್ಕು ಕೆನ್ನೆ ಉಜ್ಜುವುದು ಅಲ್ಲಿಂದ ವಾಸನೆ ಬಿಡುವುದಕ್ಕೆ. ಆಮೇಲೆ ಮುಚ್ಚಿದ ಬಾಗಿಲಿನ ಆಚೆ ಒಂದು ತಟ್ಟೆ, ಈಚೆ ಒಂದು ತಟ್ಟೆ. ಮೊದಲು ಬಾಗಿಲಿಂದ ಒಂದು ಮಾರು ದೂರ, ದಿನಾ ಒಂದೊಂದು ಗೇಣು ಹತ್ತಿರ. ತಿನ್ನದೆ ಬಾಗಿಲನ್ನೇ ದಿಟ್ಟಿಸಿದರೆ ಮತ್ತೆ ಹಿಂದಕ್ಕೆ. ಆಮೇಲೆ ಬಾಗಿಲು ಒಂದು ಬೆರಳಷ್ಟು ತೆರೆದು, ಅಲ್ಲಾಡದ ಹಾಗೆ ಬೆಣೆ ಕೊಟ್ಟು ಊಟ. ಕೊನೆಗೆ ದಿನಕ್ಕೆ ಹತ್ತು ನಿಮಿಷ ಒಂದೇ ಕೋಣೆಯಲ್ಲಿ, ಕೋಲಿಗೆ ದಾರ ಕಟ್ಟಿ ಇಬ್ಬರನ್ನೂ ಬೇರೆ ಬೇರೆ ಮೂಲೆಯಲ್ಲಿ ಆಡಿಸುತ್ತಾ. ಇಷ್ಟಕ್ಕೆ ನಮಗೆ 26 ದಿನ ಹಿಡಿಯಿತು. ಮಧ್ಯೆ ಒಂದು ದಿನ ಮೊಮ್ಮಗ ಆತುರಪಟ್ಟು ಬಾಗಿಲು ಪೂರ್ತಿ ತೆರೆದ. ನಾಲ್ಕು ದಿನದ ಕೆಲಸ ಹಾಳಾಯಿತು. ಬೈಯಲಿಲ್ಲ, ಅವನೇ ಕೂತು ಮತ್ತೆ ಗೇಣು ಅಳೆದ.

ಕೆಂಚನ ಕೊರಳಿಗೆ ಒಂದು ಸಣ್ಣ ಗಂಟೆಯನ್ನೂ ಕಟ್ಟಿದೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅಂತ ಕೇಳುತ್ತಾರಲ್ಲ, ನಾನೇ. ಅದು ಬರುವುದು ಗೊತ್ತಾದರೆ ಚಿಕ್ಕಿ ಬೆಚ್ಚಿಬೀಳುವುದಿಲ್ಲ. ಪಟ್ಟಿ ಎಲ್ಲಾದರೂ ಸಿಕ್ಕಿಕೊಂಡರೆ ತಾನೇ ಕಳಚಿಕೊಳ್ಳುವಂಥದ್ದು ಇರಲಿ.

ಆಟಕ್ಕೂ ಜಗಳಕ್ಕೂ ವ್ಯತ್ಯಾಸ ಗೊತ್ತಿರಬೇಕು. ಆಟದಲ್ಲಿ ಸದ್ದು ಕಡಿಮೆ. ಒಮ್ಮೆ ಇದು ಮೇಲೆ, ಒಮ್ಮೆ ಅದು ಮೇಲೆ. ಉಗುರು ಹೊರಗೆ ಬರುವುದಿಲ್ಲ. ಕಿವಿ ತಲೆಗೆ ಅಂಟಿಸಿ, ಬಾಲವನ್ನು ಸೀಸೆ ತೊಳೆಯುವ ಬ್ರಷ್ ಹಾಗೆ ಉಬ್ಬಿಸಿ, ಬುಸ್ ಅಂದರೆ ಅದು ಆಟ ಅಲ್ಲ. ಆಗ ಮಧ್ಯೆ ಕೈ ಹಾಕಬೇಡಿ. ದಿಂಬು ಅಥವಾ ರಟ್ಟು ಅಡ್ಡ ಹಿಡಿಯಿರಿ, ಇಲ್ಲ ಜೋರಾಗಿ ಚಪ್ಪಾಳೆ ತಟ್ಟಿ. ಆಮೇಲೆ ಬೇರೆ ಬೇರೆ ಕೋಣೆಯಲ್ಲಿ ಗಂಟೆಗಟ್ಟಲೆ ತಣ್ಣಗಾಗಲು ಬಿಡಿ. ನಾನು ಒಮ್ಮೆ ಊರಲ್ಲಿ ಕೈ ಹಾಕಿದ್ದೆ. ಎಡಗೈ ಹೆಬ್ಬೆರಳಿನ ಬುಡದಲ್ಲಿ ಎರಡು ಚುಕ್ಕೆ ಇನ್ನೂ ಇವೆ. ಬೆಕ್ಕಿನ ಹಲ್ಲು ಸೂಜಿಯ ಹಾಗೆ. ಗಾಯ ಮೇಲೆ ಮುಚ್ಚಿಕೊಳ್ಳುತ್ತದೆ, ಒಳಗೆ ಕೀವಾಗುತ್ತದೆ. ಸಂಜೆಗೆ ಮಣಿಕಟ್ಟಿನವರೆಗೆ ಊದಿತ್ತು. ಕಚ್ಚಿದರೆ ಅಥವಾ ರಕ್ತ ಬರುವ ಹಾಗೆ ಪರಚಿದರೆ ಸೋಪು ಹಚ್ಚಿ, ಸುರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಕಾಫಿಪುಡಿ ಯಾವುದೂ ಮೆತ್ತಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ರೇಬಿಸ್ ನಾಯಿಯಿಂದ ಮಾತ್ರ ಬರುತ್ತದೆ ಅಂತ ಸುಮಾರು ಜನ ತಿಳಿದಿದ್ದಾರೆ, ಬೆಕ್ಕಿನಿಂದಲೂ ಬರುತ್ತದೆ. ಬೆಕ್ಕುಗಳಿಗೂ ಲಸಿಕೆ ಹಾಕಿಸಿ.

ಚೆನ್ನಾಗಿದ್ದ ಬೆಕ್ಕುಗಳು ಇದ್ದಕ್ಕಿದ್ದ ಹಾಗೆ ಕಚ್ಚಾಡಿದರೆ ಕಿಟಕಿಯ ಹೊರಗೆ ನೋಡಿ. ಕಾಂಪೌಂಡ್ ಮೇಲೆ ಯಾವುದೋ ಮಾಳಬೆಕ್ಕು ಕೂತಿರುತ್ತದೆ. ಅದರ ಮೇಲಿನ ಸಿಟ್ಟನ್ನು ಪಕ್ಕದಲ್ಲಿರುವ ಬೆಕ್ಕಿನ ಮೇಲೆ ತೀರಿಸುತ್ತವೆ, ಆಫೀಸಿನ ಸಿಟ್ಟನ್ನು ಹೆಂಡತಿಯ ಮೇಲೆ ತೀರಿಸುವವರ ಹಾಗೆ. ಕಿಟಕಿಯ ಕೆಳಭಾಗಕ್ಕೆ ಕಾಗದ ಅಂಟಿಸಿದರೆ ಸಾಕು. ಡಾಕ್ಟರ್ ಹತ್ತಿರ ಹೋಗಿ ಬಂದ ಬೆಕ್ಕನ್ನು ಮನೆಯ ಬೆಕ್ಕು ಗುರುತು ಹಿಡಿಯದೆ ಬುಸ್ ಅನ್ನುವುದೂ ಉಂಟು. ಮೈಯೆಲ್ಲ ಆಸ್ಪತ್ರೆ ವಾಸನೆ. ಒಂದು ದಿನ ಬೇರೆ ಕೋಣೆಯಲ್ಲಿಟ್ಟು, ಮನೆಯ ಬಟ್ಟೆಯಲ್ಲಿ ಒರೆಸಿ.

ಮರಿ ಆಗದ ಹಾಗೆ ಆಪರೇಷನ್ ಮಾಡಿಸದೆ ಶಾಂತಿ ಬೇಕು ಅಂದರೆ ಆಗುವುದಿಲ್ಲ. ಮರಿಗೆ ಐದು ತಿಂಗಳಾಗುವ ಹೊತ್ತಿಗೆ ಡಾಕ್ಟರ್ ಹತ್ತಿರ ಮಾತಾಡಿ. ಅಷ್ಟು ಚಿಕ್ಕ ಹೆಣ್ಣೂ ಬಸುರಾಗಬಹುದು, ಸುಮಾರು ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ. ಆಪರೇಷನ್ ಆದರೆ ಗಂಡು ಗೋಡೆಗೆ ಉಚ್ಚೆ ಚಿಮ್ಮಿಸುವುದು, ಹೊಡೆದಾಡುವುದು ಕಡಿಮೆಯಾಗುತ್ತದೆ. ಮಾರನೇ ದಿನವೇ ಅಲ್ಲ, ಕೆಲವು ವಾರ ಹಿಡಿಯುತ್ತದೆ. ಅಂದ ಹಾಗೆ ಚಿಕ್ಕಿಗೆ ಕಪ್ಪು, ಕೆಂಪು, ಬಿಳಿ ಮೂರು ಬಣ್ಣ. ಮೂರು ಬಣ್ಣ ಇದ್ದರೆ ಹೆಚ್ಚುಕಡಿಮೆ ಯಾವಾಗಲೂ ಹೆಣ್ಣೇ, ಬಾಲ ಎತ್ತಿ ನೋಡಬೇಕಿಲ್ಲ.

ಟ್ರೇ ಬಿಟ್ಟು ಬೇರೆ ಕಡೆ ಹೊಯ್ದರೆ ಎಲ್ಲವೂ ಜಗಳದ್ದಲ್ಲ, ಕಾಯಿಲೆಯೂ ಇರಬಹುದು. ಅದರಲ್ಲೂ ಗಂಡು ಬೆಕ್ಕು ಪದೇ ಪದೇ ಟ್ರೇಗೆ ಹೋಗಿ ಮುಲುಕಿ, ಒಂದು ಹನಿಯೂ ಬರದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಮೂತ್ರ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಪ್ರಾಣವೇ ಹೋಗುತ್ತದೆ. ನೋವಿಗೆ ಅಂತ ಪ್ಯಾರಸಿಟಮಾಲ್ ಕೊಡಬೇಡಿ, ಒಂದು ಮಾತ್ರೆಯೇ ಬೆಕ್ಕನ್ನು ಕೊಲ್ಲಬಹುದು.

ಹೊಡೆಯುವುದು, ನೀರು ಎರಚುವುದು, ಮೂಗು ಹಿಡಿದು ಉಚ್ಚೆಗೆ ಒತ್ತುವುದು, ಇದ್ಯಾವುದೂ ಬೇಡ. ಪಕ್ಕದಲ್ಲಿ ಇನ್ನೊಂದು ಬೆಕ್ಕು ಇದ್ದಾಗಲೇ ನನಗೆ ಏಟು ಬೀಳುತ್ತದೆ ಅಂತ ಅದು ಕಲಿಯುತ್ತದೆ. ತೊಡೆಗಾಗಿ ಜಗಳ ಆದರೆ ಯಾರನ್ನೂ ತಳ್ಳಬೇಡಿ, ನೀವೇ ಎದ್ದು ಹೋಗಿ. ದಿನಕ್ಕೆ ಹತ್ತು ಹದಿನೈದು ನಿಮಿಷ ಒಂದೊಂದರ ಜೊತೆ ಬೇರೆ ಬೇರೆ ಕೂತು ಆಡಿ. ಹಳೆಯದಕ್ಕೆ ಮೊದಲು.

ಈಗ ನಾನು ಊರಿಗೆ ವಾಪಸ್ ಬಂದು ಎರಡು ತಿಂಗಳಾಯಿತು. ಕೆಂಚ, ಚಿಕ್ಕಿ ಸ್ನೇಹಿತರೇನೂ ಆಗಿಲ್ಲ. ಕಿಟಕಿ ಬೆಳಗ್ಗೆ ಕೆಂಚನದ್ದು. ಬಿಸಿಲು ಜೋರಾದ ಮೇಲೆ ಅದು ಇಳಿದು ಹೋಗುತ್ತದೆ, ಚಿಕ್ಕಿ ಹತ್ತುತ್ತದೆ. ಮೊನ್ನೆ ಸೊಸೆ ಫೋನ್ ಮಾಡಿದ್ದಳು. "ಅತ್ತೆ, ಕೆಂಚ ಮತ್ತೆ ಆ ಓಣಿಯಲ್ಲೇ ಅಡ್ಡ ಬಿದ್ದಿತ್ತು. ಚಿಕ್ಕಿ ಅದರ ಬಾಲ ತುಳಿದುಕೊಂಡೇ ಬಚ್ಚಲಿಗೆ ಹೋಯಿತು. ಇದು ಕಣ್ಣೂ ಬಿಡಲಿಲ್ಲ."